ಟೆಸ್ಟೊಸ್ಟೆರಾನ್, ಹೊಟ್ಟೆಯ ಬೊಜ್ಜು ಮತ್ತು ಒಂದು ವರ್ಷದ ಲೆಕ್ಕ

ಟೆಸ್ಟೊಸ್ಟೆರಾನ್ ಪರೀಕ್ಷೆ ಕೆಡುವುದು ಬಹುಪಾಲು ಸೂಜಿ ಚುಚ್ಚುವ ಮೊದಲೇ. ಸಂಜೆ ಕೆಲಸ ಮುಗಿಸಿ, ಹೊಟ್ಟೆ ತುಂಬಿರುವಾಗ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಮರುದಿನ ರಿಪೋರ್ಟಿನಲ್ಲಿ ದಪ್ಪಕ್ಷರದ ಅಂಕಿ ನೋಡಿ 'ಹೊಟ್ಟೆ ಬಂದಿದ್ದು ಇದರಿಂದಲೇ' ಎಂದು ತೀರ್ಮಾನಿಸಿಬಿಡುವವರು ಬಹಳ. ಆ ಅಂಕಿಗೆ ಬೆಲೆಯಿಲ್ಲ. ಈ ಹಾರ್ಮೋನು ಬೆಳಗಿನ ಹೊತ್ತು ಏರಿರುತ್ತದೆ, ಮಧ್ಯಾಹ್ನದಿಂದ ಇಳಿಯುತ್ತಾ ಹೋಗುತ್ತದೆ. ಮೂವತ್ತರಿಂದ ನಲವತ್ತರ ವಯಸ್ಸಿನವರಲ್ಲಿ ಬೆಳಿಗ್ಗೆ 8ಕ್ಕೆ ಇದ್ದದ್ದು ಸಂಜೆ 4ರ ಹೊತ್ತಿಗೆ ಶೇ 20ರಿಂದ 25ರಷ್ಟು ಕೆಳಗಿರಬಹುದು. ಎಪ್ಪತ್ತರ ಸುಮಾರಿಗೆ ಈ ಏರಿಳಿತ ಶೇ 10ರ ಆಸುಪಾಸಿಗೆ ಇಳಿದಿರುತ್ತದೆ. ಊಟದ್ದು ಇನ್ನೊಂದು ಕತೆ: 75 ಗ್ರಾಂ ಗ್ಲುಕೋಸ್ ಕುಡಿಸಿ ಅಳೆದಾಗ ಗಂಡಸರ ಟೆಸ್ಟೊಸ್ಟೆರಾನ್ ಸರಾಸರಿ ಶೇ 25ರಷ್ಟು ಕುಸಿದದ್ದು ದಾಖಲಾಗಿದೆ. ಎರಡೂ ಸೇರಿದರೆ ಆರೋಗ್ಯವಂತನೂ ರೋಗಿಯ ಪಟ್ಟಿಗೆ ಸೇರಿಬಿಡುತ್ತಾನೆ.

ಹಾಗಾಗಿ ಸ್ಯಾಂಪಲ್ ಕೊಡುವುದು ಬೆಳಿಗ್ಗೆ 7ರಿಂದ 10ರ ಒಳಗೆ, ರಾತ್ರಿಯಿಂದ ಏನೂ ತಿನ್ನದೆ. ನೀರು ಕುಡಿಯಬಹುದು. ಹಿಂದಿನ ವಾರ ಜ್ವರ ಬಂದಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ, ಸ್ಟಿರಾಯ್ಡ್ ಮಾತ್ರೆಯ ಕೋರ್ಸು ನಡೆಯುತ್ತಿದ್ದರೆ ಪರೀಕ್ಷೆ ಮುಂದೂಡಿ. ರಾತ್ರಿಪಾಳಿ ಮಾಡುವವರು ಗೋಡೆ ಗಡಿಯಾರ ನೋಡಬಾರದು. ತಮ್ಮ ಮುಖ್ಯ ನಿದ್ದೆ ಮುಗಿಸಿ ಎದ್ದ ಒಂದೆರಡು ಗಂಟೆಯೊಳಗೆ ಕೊಡುವುದು ಸರಿ. ನಿದ್ದೆಗೆಟ್ಟು ಕೊಟ್ಟ ಸ್ಯಾಂಪಲ್ಲೂ ಮೋಸ ಮಾಡುತ್ತದೆ. ಹತ್ತು ಜನ ಯುವಕರನ್ನು ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿ ನೋಡಿದ 2011ರ ಒಂದು ಪ್ರಯೋಗದಲ್ಲಿ ಅವರ ಹಗಲಿನ ಟೆಸ್ಟೊಸ್ಟೆರಾನ್ ಶೇ 10ರಿಂದ 15ರಷ್ಟು ತಗ್ಗಿತ್ತು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬಯೋಟಿನ್‌ದು. ಕೂದಲು ಉದುರುತ್ತದೆ ಎಂದು ದಿನಕ್ಕೆ 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ನುಂಗುವವರಿದ್ದಾರೆ. ಪ್ರತಿಕಾಯಗಳನ್ನು ಬಳಸಿ ಅಳೆಯುವ, ಲ್ಯಾಬಿನ ಕೆಲವು ಇಮ್ಯುನೊಅಸ್ಸೇ ಯಂತ್ರಗಳು ಬಯೋಟಿನ್ ಅಂಟಿನ ಮೇಲೇ ಕೆಲಸ ಮಾಡುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಟೆಸ್ಟೊಸ್ಟೆರಾನ್ ಇಲ್ಲದಷ್ಟು ಜಾಸ್ತಿ ತೋರಿಸುತ್ತದೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿದರೆ ಸಾಕು. ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನದಲ್ಲಿ ಅಳೆಯುವ ಲ್ಯಾಬಿನಲ್ಲಿ ಈ ತೊಂದರೆಯಿಲ್ಲ. ಅಂಕಿ ಗಡಿಯ ಹತ್ತಿರವಿದ್ದಾಗ ಹೇಗಿದ್ದರೂ ಆ ವಿಧಾನದ ಲ್ಯಾಬನ್ನೇ ಹುಡುಕುವುದು ಮೇಲು.

ಒಂದು ಸಲ ಕಡಿಮೆ ಬಂದರೆ ಅದು ಕಡಿಮೆಯಲ್ಲ. ಬೇರೊಂದು ದಿನ, ಅದೇ ಹೊತ್ತಿಗೆ, ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಕೊಡಬೇಕು. ಎರಡನೇ ಸಲ ಸಹಜ ಮಟ್ಟಕ್ಕೆ ಬಂದು ಕೂರುವವರು ಕಡಿಮೆಯೇನಿಲ್ಲ.

ರಿಪೋರ್ಟ್ ಓದುವುದು

ಬೊಜ್ಜಿಲ್ಲದ 19ರಿಂದ 39 ವರ್ಷದ ಗಂಡಸರಲ್ಲಿ ಒಟ್ಟು ಟೆಸ್ಟೊಸ್ಟೆರಾನಿನ ಸಹಜ ವ್ಯಾಪ್ತಿ ಎಂದು 2017ರಲ್ಲಿ ಹೊಂದಿಸಿದ ಅಂಕಿ ಡೆಸಿಲೀಟರಿಗೆ 264ರಿಂದ 916 ನ್ಯಾನೊಗ್ರಾಂ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 300ಕ್ಕೆ ಗೆರೆ ಎಳೆಯುತ್ತದೆ. ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ನ್ಯಾನೊಮೋಲ್ ಎಂದು ಕೊಡುತ್ತವೆ, ಅದನ್ನು 28.8ರಿಂದ ಗುಣಿಸಿದರೆ ನ್ಯಾನೊಗ್ರಾಂ ಲೆಕ್ಕ ಸಿಗುತ್ತದೆ.

ಆದರೆ ಒಟ್ಟು ಅಂಕಿ ಒಂದರಿಂದಲೇ ಏನೂ ಹೇಳಲಾಗದು. ರಕ್ತದಲ್ಲಿರುವ ಟೆಸ್ಟೊಸ್ಟೆರಾನಿನಲ್ಲಿ ಒಂದು ದೊಡ್ಡ ಪಾಲನ್ನು ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಇನ್ನೊಂದು ದೊಡ್ಡ ಪಾಲು ಆಲ್ಬುಮಿನ್‌ಗೆ ಸಡಿಲವಾಗಿ ಅಂಟಿರುತ್ತದೆ, ಬಿಡಿಯಾಗಿ ಓಡಾಡುವುದು ಶೇ 2ರ ಆಸುಪಾಸು ಮಾತ್ರ. ಎಸ್‌ಎಚ್‌ಬಿಜಿ ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತಿನಲ್ಲಿ ಕೊಬ್ಬು ತುಂಬಿ, ರಕ್ತದಲ್ಲಿ ಇನ್ಸುಲಿನ್ ಏರಿದವರಲ್ಲಿ ಅದರ ಉತ್ಪಾದನೆ ಕುಗ್ಗುತ್ತದೆ. ಮೆಟಬಾಲಿಸಂಗೂ ಈ ರಿಪೋರ್ಟಿಗೂ ಮೊದಲ ಗಂಟು ಬೀಳುವುದೇ ಇಲ್ಲಿ.

ಇಬ್ಬರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಇಬ್ಬರದ್ದೂ ಒಟ್ಟು ಟೆಸ್ಟೊಸ್ಟೆರಾನ್ 270. ಮೊದಲನೆಯವನಿಗೆ ದೊಡ್ಡ ಹೊಟ್ಟೆ, ಎಸ್‌ಎಚ್‌ಬಿಜಿ 15. ಎರಡನೆಯವನು ತೆಳ್ಳಗೆ, ವಯಸ್ಸಾದವನು, ಎಸ್‌ಎಚ್‌ಬಿಜಿ 60. ವೈದ್ಯರು ಬಳಸುವ ವರ್ಮೂಲೆನ್ ಸೂತ್ರಕ್ಕೆ ಈ ಅಂಕಿಗಳನ್ನೂ ಸಾಮಾನ್ಯ ಮಟ್ಟದ ಆಲ್ಬುಮಿನ್ನನ್ನೂ ಹಾಕಿದರೆ ಮೊದಲನೆಯವನ ಬಿಡಿ ಟೆಸ್ಟೊಸ್ಟೆರಾನ್ ಲೀಟರಿಗೆ ಸುಮಾರು 265 ಪಿಕೊಮೋಲ್, ಎರಡನೆಯವನದ್ದು ಸುಮಾರು 120. ಯುರೋಪಿನ ದೊಡ್ಡ ಸಮೀಕ್ಷೆಯೊಂದು ಕೊರತೆಗೆ ಇಟ್ಟ ಗಡಿ 220. ಅಂದರೆ ಒಂದೇ ಅಂಕಿಯ ಎರಡು ರಿಪೋರ್ಟುಗಳಲ್ಲಿ ಮೊದಲನೆಯವನಿಗೆ ಕೊರತೆಯಿಲ್ಲ, ಎರಡನೆಯವನಿಗೆ ಕೊರತೆ ಸ್ಪಷ್ಟವಾಗಿಯೇ ಇದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಕ್ಯಾಲ್ಕುಲೇಟರ್‌ಗಳು ಇದೇ ಸೂತ್ರ ಬಳಸುತ್ತವೆ. ಎಸ್‌ಎಚ್‌ಬಿಜಿ ಬರೆಸಿಕೊಳ್ಳದೆ ಬರಬೇಡಿ. 'ಫ್ರೀ ಟೆಸ್ಟೊಸ್ಟೆರಾನ್' ಎಂದೇ ಅಗ್ಗದ ಅನಲಾಗ್ ವಿಧಾನದಲ್ಲಿ ನೇರವಾಗಿ ಅಳೆದು ಕೊಡುವ ಅಂಕಿಯನ್ನು ನಂಬುವುದಕ್ಕಿಂತ ಈ ಲೆಕ್ಕವೇ ಲೇಸು.

ಬಿಡಿ ಟೆಸ್ಟೊಸ್ಟೆರಾನೂ ಕಡಿಮೆ ಎಂದಾದರೆ ಮುಂದಿನದು ಎಲ್‌ಎಚ್. ಮೆದುಳಿನ ಹೈಪೊಥಲಮಸ್ ಒಂದೂವರೆ ಎರಡು ಗಂಟೆಗೊಮ್ಮೆ ತಟ್ಟುತ್ತದೆ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಸಂದೇಶದ ಹಾರ್ಮೋನನ್ನು ಕಳಿಸುತ್ತದೆ, ವೃಷಣದ ಲೇಡಿಗ್ ಕೋಶಗಳು ದಿನಕ್ಕೆ 5ರಿಂದ 7 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ತಯಾರಿಸುತ್ತವೆ. ಎಲ್‌ಎಚ್ ಏರಿದ್ದೂ ಟೆಸ್ಟೊಸ್ಟೆರಾನ್ ಬರುತ್ತಿಲ್ಲವೆಂದರೆ ದೋಷ ವೃಷಣದಲ್ಲಿ. ಎಲ್‌ಎಚ್ ಕೂಡ ಇಳಿದಿದ್ದರೆ ಅಥವಾ ಏರಬೇಕಾದಷ್ಟು ಏರದಿದ್ದರೆ ದೋಷ ಮೇಲೆ. ಆಗ ಪ್ರೊಲ್ಯಾಕ್ಟಿನ್, ಕಬ್ಬಿಣದಂಶ ನೋಡುತ್ತಾರೆ, ಬೇಕಾದರೆ ಪಿಟ್ಯುಟರಿಯ ಸ್ಕ್ಯಾನ್. ಓಪಿಯಾಯ್ಡ್ ನೋವುನಿವಾರಕ ತೆಗೆದುಕೊಳ್ಳುವವರಲ್ಲಿ ಮೇಲಿನ ಈ ತಟ್ಟುವಿಕೆಯೇ ಮಂದವಾಗುತ್ತದೆ. ತೀರಾ ಹೆಚ್ಚಿನ ಬೊಜ್ಜಿನಲ್ಲೂ ಚಿತ್ರ ಹೀಗೇ ಇರುತ್ತದೆ.

ಹೊಟ್ಟೆ ಮೊದಲೋ, ಹಾರ್ಮೋನು ಮೊದಲೋ

ಎರಡೂ ನಿಜ ಎನ್ನುವುದೇ ಇದರ ತಲೆನೋವು. ಹಾರ್ಮೋನು ಇಳಿದರೆ ಬೊಜ್ಜು ಬರುತ್ತದೆ ಎನ್ನುವುದಕ್ಕೆ ಅತಿ ಶುದ್ಧ ಪುರಾವೆ ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯಿಂದ ಬಂದದ್ದು. ಅಲ್ಲಿ ಟೆಸ್ಟೊಸ್ಟೆರಾನನ್ನು ಬೇಕೆಂದೇ ತಳಕ್ಕೆ ಇಳಿಸುತ್ತಾರೆ. ಹಾಗೆ ಮಾಡಿದ 48 ವಾರಗಳಲ್ಲಿ ಮೈಯ ಕೊಬ್ಬಿನ ಪ್ರಮಾಣ ಮೊದಲಿದ್ದದ್ದಕ್ಕಿಂತ ಶೇ 9ರಷ್ಟು ಏರಿ, ಕೊಬ್ಬಿಲ್ಲದ ಅಂಗಾಂಶ ಶೇ 3ರ ಹತ್ತಿರ ಇಳಿದದ್ದನ್ನು ಅಳೆದಿದ್ದಾರೆ. ಇನ್ಸುಲಿನ್ ಪ್ರತಿರೋಧವೂ ಜೊತೆಗೇ ಬರುತ್ತದೆ.

ಇನ್ನೂ ಸೂಕ್ಷ್ಮವಾದದ್ದು 2013ರಲ್ಲಿ ಫಿಂಕೆಲ್‌ಸ್ಟೈನ್ ತಂಡ ಪ್ರಕಟಿಸಿದ ಪ್ರಯೋಗ. ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಔಷಧದಿಂದ ನಿಲ್ಲಿಸಿ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಪ್ರಮಾಣದ ಟೆಸ್ಟೊಸ್ಟೆರಾನ್ ಜೆಲ್ ಕೊಟ್ಟು, 16 ವಾರ ನೋಡಿದರು. ಇನ್ನೊಂದು ಸಾಲಿನ ಗುಂಪುಗಳಿಗೆ ಇದರ ಜೊತೆಗೆ ಟೆಸ್ಟೊಸ್ಟೆರಾನ್ ಈಸ್ಟ್ರೊಜೆನ್ ಆಗದಂತೆ ತಡೆಯುವ ಮಾತ್ರೆಯನ್ನೂ ಕೊಟ್ಟರು. ಸ್ನಾಯು ಮತ್ತು ಬಲ ಕುಗ್ಗಿದ್ದು ಟೆಸ್ಟೊಸ್ಟೆರಾನ್ ಕೊರತೆಯಿಂದ. ಕೊಬ್ಬು ಏರಿದ್ದು ಮುಖ್ಯವಾಗಿ ಈಸ್ಟ್ರೊಜೆನ್ ಕೊರತೆಯಿಂದ. ಗಂಡಸರ ಮೈಯಲ್ಲೂ ಈಸ್ಟ್ರೊಜೆನ್ ಬೇಕೇ ಬೇಕು, ಅದು ಹುಟ್ಟುವುದು ಟೆಸ್ಟೊಸ್ಟೆರಾನಿನಿಂದಲೇ. ಜಿಮ್ಮಿನ ಪಡಸಾಲೆಯಲ್ಲಿ 'ಈಸ್ಟ್ರೊಜೆನ್ ಬ್ಲಾಕರ್ ಜೊತೆಗೆ ಹಾಕು' ಎಂದು ಸಲಹೆ ಕೊಡುವವರು ಇದನ್ನು ಓದಿರುವುದಿಲ್ಲ. ಅಂಥ ಬ್ಲಾಕರ್ ಆದ ಅನಾಸ್ಟ್ರೊಜೋಲ್ ನುಂಗಿ ಹೊಟ್ಟೆ ಕರಗಿಸಲು ಹೊರಟರೆ ಆಗುವುದು ತಿರುಗುಮುರುಗು, ಜೊತೆಗೆ ಮೂಳೆಯೂ ಸವೆಯುತ್ತದೆ.

ಇನ್ನು ಎದುರು ದಿಕ್ಕು. ಬೊಜ್ಜಿನಲ್ಲಿರುವ ಅರೊಮಟೇಸ್ ಕಿಣ್ವ ಟೆಸ್ಟೊಸ್ಟೆರಾನನ್ನು ಈಸ್ಟ್ರಡಯಾಲ್ ಆಗಿ ಬದಲಿಸುತ್ತದೆ, ಎಸ್‌ಎಚ್‌ಬಿಜಿ ಇಳಿಯುತ್ತದೆ, ಬೊಜ್ಜಿನ ಜೊತೆ ಬರುವ ಉರಿಯೂತ, ಲೆಪ್ಟಿನ್, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಎಲ್ಲ ಸೇರಿ ಹೈಪೊಥಲಮಸ್‌ನ ತಟ್ಟುವಿಕೆಯನ್ನು ಮಂದ ಮಾಡುತ್ತವೆ. ನಮ್ಮ ಅಭಿಪ್ರಾಯ ಕೇಳಿದರೆ, ದೊಡ್ಡ ಹೊಟ್ಟೆ ಮತ್ತು 230ರಿಂದ 300ರ ನಡುವಿನ ಅಂಕಿ ಹಿಡಿದು ಬರುವ ಮಧ್ಯವಯಸ್ಕರಲ್ಲಿ ಬಾಣ ಹೆಚ್ಚಾಗಿ ಹೊಟ್ಟೆಯಿಂದ ಹಾರ್ಮೋನಿನ ಕಡೆಗೇ ಇರುತ್ತದೆ. 150ಕ್ಕಿಂತ ಕೆಳಗಿನ ಅಂಕಿಯನ್ನು ಮಾತ್ರ ಹೊಟ್ಟೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಬಾರದು, ಅಲ್ಲಿ ಪಿಟ್ಯುಟರಿ ನೋಡಲೇಬೇಕು.

'ಮೆಟಬಾಲಿಸಂ ಹೆಚ್ಚುತ್ತದೆ' ಎಂದರೆ ಎಷ್ಟು?

ಟೆಸ್ಟೊಸ್ಟೆರಾನ್ ಉರಿಗೆ ತುಪ್ಪ ಸುರಿಯುವ ಹಾರ್ಮೋನಲ್ಲ. ಆ ಕೆಲಸ ಥೈರಾಯ್ಡ್‌ನದ್ದು. ಇದು ಮಾಡುವುದು ಹಂಚಿಕೆ. ಇನ್ನೂ ಏನಾಗಬೇಕೆಂದು ನಿರ್ಧರಿಸದ ಬುಡಕೋಶಗಳನ್ನು ಸ್ನಾಯುವಿನ ಕಡೆಗೆ ದೂಡುತ್ತದೆ, ಕೊಬ್ಬಿನ ಕೋಶವಾಗದಂತೆ ತಡೆಯುತ್ತದೆ. ಹೊಟ್ಟೆಯೊಳಗಿನ ಬೊಜ್ಜಿನಲ್ಲಿ ರಕ್ತದ ಕೊಬ್ಬನ್ನು ಎಳೆದುಕೊಳ್ಳುವ ಲಿಪೊಪ್ರೋಟೀನ್ ಲೈಪೇಸ್ ಕಿಣ್ವವನ್ನು ತಗ್ಗಿಸುತ್ತದೆ, ಕೂಡಿಟ್ಟ ಕೊಬ್ಬನ್ನು ಬಿಡಿಸುವ ಅಡ್ರಿನಲಿನ್ ಗ್ರಾಹಕಗಳನ್ನು ಹೆಚ್ಚಿಸುತ್ತದೆ. 1935ರಲ್ಲಿ ಈ ಹಾರ್ಮೋನನ್ನು ಮೊದಲು ಬೇರ್ಪಡಿಸಿ ಹೆಸರಿಟ್ಟ ಹೊತ್ತಿನಲ್ಲೇ ಕೊಚಾಕಿಯನ್ ಎಂಬ ವಿಜ್ಞಾನಿ ಬೀಜ ತೆಗೆದ ನಾಯಿಗಳಿಗೆ ಗಂಡು ಹಾರ್ಮೋನು ಕೊಟ್ಟು, ಅವು ಮೂತ್ರದಲ್ಲಿ ಕಳೆದುಕೊಳ್ಳುವ ಸಾರಜನಕ ಕಡಿಮೆಯಾದದ್ದನ್ನು ತೋರಿಸಿದ್ದ. ಸಾರಜನಕ ಮೈಯಲ್ಲೇ ಉಳಿದರೆ ಪ್ರೋಟೀನು ಉಳಿದಂತೆ, ಪ್ರೋಟೀನು ಉಳಿದರೆ ಸ್ನಾಯು.

ಈಗ ಕ್ಯಾಲರಿ ಲೆಕ್ಕ. ಸುಮ್ಮನೆ ಮಲಗಿರುವಾಗ ಒಂದು ಕಿಲೊ ಸ್ನಾಯು ದಿನಕ್ಕೆ ಉರಿಸುವುದು ಸುಮಾರು 13 ಕಿಲೊಕ್ಯಾಲರಿ, ಒಂದು ಕಿಲೊ ಕೊಬ್ಬು ಸುಮಾರು 4.5. ಹೃದಯ ಮತ್ತು ಮೂತ್ರಪಿಂಡ ಕಿಲೊಗೆ 440ರಂತೆ ಉರಿಸುತ್ತವೆ, ಆದರೆ ಅವು ಟೆಸ್ಟೊಸ್ಟೆರಾನಿನಿಂದ ಬೆಳೆಯಬೇಕಾದ ಅಂಗಗಳಲ್ಲ. ನಿಜವಾದ ಕೊರತೆಯಿರುವವರಿಗೆ ಆರು ತಿಂಗಳ ಚಿಕಿತ್ಸೆಯಲ್ಲಿ ಸುಮಾರು 3 ಕಿಲೊ ಕೊಬ್ಬು ಇಳಿದು 3 ಕಿಲೊ ಸ್ನಾಯುಭಾಗ ಏರಿತು ಎಂದುಕೊಳ್ಳಿ. ಅದು ಒಳ್ಳೆಯ ಫಲಿತಾಂಶವೇ. ಸ್ನಾಯುವಿನಿಂದ ಸಿಕ್ಕಿದ್ದು 39, ಕೊಬ್ಬಿನಿಂದ ಹೋದದ್ದು 13.5. ನಿವ್ವಳ ಲಾಭ ದಿನಕ್ಕೆ 25 ಕಿಲೊಕ್ಯಾಲರಿ. ಒಂದು ತುತ್ತಿನಷ್ಟು.

ಹಾಗಾದರೆ ಸಕ್ಕರೆ ಹತೋಟಿ ಸುಧಾರಿಸುವುದು ಹೇಗೆ? ಊಟದ ನಂತರ ಇನ್ಸುಲಿನ್ ಹೇಳಿದಾಗ ರಕ್ತದ ಗ್ಲುಕೋಸನ್ನು ಒಳಗೆಳೆದುಕೊಳ್ಳುವ ಕೆಲಸದ ಬಹುಪಾಲು ಸ್ನಾಯುವಿನದ್ದು. ಕಣಜ ದೊಡ್ಡದಾದರೆ ಅಂಗಳದಲ್ಲಿ ಚೆಲ್ಲುವುದು ಕಡಿಮೆ. ಹೊಟ್ಟೆಯೊಳಗಿನ ಬೊಜ್ಜು ಇಳಿದರೆ ಅಲ್ಲಿಂದ ನೇರ ಯಕೃತ್ತಿಗೆ ಹರಿಯುವ ಕೊಬ್ಬಿನಾಮ್ಲವೂ ಇಳಿಯುತ್ತದೆ. ಟೈಪ್ 2 ಮಧುಮೇಹ ಮತ್ತು ಟೆಸ್ಟೊಸ್ಟೆರಾನ್ ಕೊರತೆ ಎರಡೂ ಇದ್ದವರ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 24 ವಾರಗಳ ಚಿಕಿತ್ಸೆಯ ನಂತರ ಇನ್ಸುಲಿನ್ ಸಂವೇದನೆ ಶೇ 32ರಷ್ಟು ಹೆಚ್ಚಿತ್ತು. ತೂಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತೂಕದ ಯಂತ್ರವನ್ನೇ ನಂಬಿ ಕೂತವನಿಗೆ ಈ ಬದಲಾವಣೆ ಕಾಣುವುದೇ ಇಲ್ಲ.

ಔಷಧಕ್ಕೆ ಮೊದಲು

ತೂಕ ಇಳಿಸಿದರೆ ಹಾರ್ಮೋನು ತಾನಾಗಿ ಏರುತ್ತದೆ, ಇದರಲ್ಲಿ ಅನುಮಾನವಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದಲ್ಲಿ ಆಹಾರ ನಿಯಂತ್ರಣದಿಂದ ತೂಕ ಇಳಿಸಿದವರಲ್ಲಿ ಸರಾಸರಿ 2.9 ನ್ಯಾನೊಮೋಲ್, ಅಂದರೆ 80ಕ್ಕೂ ಹೆಚ್ಚು ನ್ಯಾನೊಗ್ರಾಂ ಏರಿಕೆ. ಜಠರ ಕುಗ್ಗಿಸುವ ಶಸ್ತ್ರಚಿಕಿತ್ಸೆಯಾದವರಲ್ಲಿ 8.7 ನ್ಯಾನೊಮೋಲ್, ಅಂದರೆ 250ರಷ್ಟು. 270ರಲ್ಲಿದ್ದವನನ್ನು 350ಕ್ಕೆ ತರಲು ಸೂಜಿ ಬೇಡ ಎಂದಾಯಿತು. ಜೋರು ಗೊರಕೆ, ಹಗಲಿನ ತೂಕಡಿಕೆ ಇದ್ದರೆ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿ. ತೀವ್ರ ಉಸಿರುಕಟ್ಟುವಿಕೆಗೆ ಚಿಕಿತ್ಸೆ ಆಗದೆ ಟೆಸ್ಟೊಸ್ಟೆರಾನ್ ಶುರು ಮಾಡಬಾರದು. 'ಬೂಸ್ಟರ್' ಡಬ್ಬಿಗಳ ಬಗ್ಗೆ ಒಂದೇ ಮಾತು: ಸತುವಿನ ಕೊರತೆ ಇದ್ದವನಿಗೆ ಸತು ಕೆಲಸ ಮಾಡುತ್ತದೆ, ಕೊರತೆ ಇಲ್ಲದವನಿಗೆ ಮೂತ್ರದ ಬಣ್ಣವೂ ಬದಲಾಗದು.

ಮುಂದಿನ ವರ್ಷ ಎರಡು ವರ್ಷದಲ್ಲಿ ಮಗು ಬೇಕೆನ್ನುವವರು ಇಲ್ಲೇ ನಿಲ್ಲಬೇಕು. ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದೊಡನೆ ಪಿಟ್ಯುಟರಿ ಎಲ್‌ಎಚ್ ಅನ್ನೂ, ವೀರ್ಯಾಣು ತಯಾರಿಗೆ ಬೇಕಾದ ಎಫ್‌ಎಸ್‌ಎಚ್ ಹಾರ್ಮೋನನ್ನೂ ನಿಲ್ಲಿಸುತ್ತದೆ, ವೃಷಣದೊಳಗಿನ ಟೆಸ್ಟೊಸ್ಟೆರಾನ್ ಬರಿದಾಗಿ ವೀರ್ಯಾಣು ತಯಾರಿ ಕುಸಿಯುತ್ತದೆ. ಪುರುಷರ ಗರ್ಭನಿರೋಧಕವಾಗಿ ಇದೇ ಇಂಜೆಕ್ಷನ್ನನ್ನು ಪರೀಕ್ಷಿಸಿದ್ದುಂಟು ಎಂದರೆ ಸಾಕಲ್ಲ. ಪ್ರಾಸ್ಟೇಟ್ ಅಥವಾ ಸ್ತನ ಕ್ಯಾನ್ಸರ್ ಇರುವವರು, ಕಳೆದ ಆರು ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಆದವರು, ಹತೋಟಿಗೆ ಬಾರದ ಹೃದಯವೈಫಲ್ಯ ಇರುವವರು, ರಕ್ತ ಹೆಪ್ಪುಗಟ್ಟುವ ಕಾಯಿಲೆಯವರು, ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು) ಆಗಲೇ ಶೇ 48 ದಾಟಿದವರು ಇವರಿಗೂ ಇದು ಸಲ್ಲದು.

ಶುರುವಾದ ಮೇಲೆ

ಜೆಲ್ ಎಂದರೆ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಇರುವಷ್ಟು, ಬೆಳಿಗ್ಗೆ ಸ್ನಾನವಾದ ಮೇಲೆ, ಮೈ ಪೂರ್ತಿ ಒಣಗಿದ ಮೇಲೆ, ಭುಜ ಮತ್ತು ತೋಳಿನ ಮೇಲ್ಭಾಗಕ್ಕೆ. ತಿಕ್ಕಬೇಕಾಗಿಲ್ಲ, ತೆಳ್ಳಗೆ ಸವರಿದರೆ ಸಾಕು. ಒಳಗೆ ಹೋಗುವುದು ಸವರಿದ್ದರ ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದು ಚರ್ಮದ ಮೇಲೇ ಇರುತ್ತದೆ. ಅಪಾಯ ಇರುವುದು ಆ ಉಳಿದದ್ದರಲ್ಲೇ. ಮಗುವನ್ನು ಹೆಗಲಿಗೆ ಹಾಕಿಕೊಂಡರೆ ಮಗುವಿಗೆ ಅಂಟುತ್ತದೆ, ಹೆಂಡತಿಗೂ ಅಂಟುತ್ತದೆ. ಕೈಯನ್ನು ತಕ್ಷಣ ಸೋಪಿನಿಂದ ತೊಳೆದು, ಜೆಲ್ ಒಣಗಿದ ಮೇಲೆ ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಬೇಕು. ಇನ್ನೊಂದು ಎಡವಟ್ಟು ಲ್ಯಾಬಿನಲ್ಲಿ: ಜೆಲ್ ಸವರಿದ ತೋಳಿನಿಂದಲೇ ರಕ್ತ ತೆಗೆದರೆ ಸೂಜಿ ಚರ್ಮದ ಮೇಲಿನ ಜೆಲ್ಲನ್ನೂ ಒಳಗೆ ಒಯ್ಯುತ್ತದೆ, ರಿಪೋರ್ಟಿನಲ್ಲಿ ನಂಬಲಾಗದಷ್ಟು ದೊಡ್ಡ ಅಂಕಿ ಬರುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ನಿಜವಾಗಿ ಕೊರತೆ ಇರುವವನಿಗೆ ಇನ್ನಷ್ಟು ಕೊರತೆ. ಜೆಲ್ ತಾಗದ ಜಾಗದಿಂದಲೇ ತೆಗೆಯುವಂತೆ ಹೇಳಿ, ಹೊತ್ತೂ ಸವರಿದ 2ರಿಂದ 8 ಗಂಟೆಯೊಳಗಿರಲಿ.

ಎನಾಂಥೇಟ್ ಅಥವಾ ಸಿಪಿಯೊನೇಟ್ ರೂಪದ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಆದರೆ ವಾರಕ್ಕೆ 75ರಿಂದ 100 ಮಿಲಿಗ್ರಾಂ, ಇಲ್ಲವೇ ಎರಡು ವಾರಕ್ಕೊಮ್ಮೆ 150ರಿಂದ 200. ಎರಡು ವಾರದ ಪದ್ಧತಿ ನಮಗೆ ಹಿಡಿಸುವುದಿಲ್ಲ. ಚುಚ್ಚಿದ ಮೊದಲ ಎರಡು ಮೂರು ದಿನ ಮಟ್ಟ ಸಹಜಕ್ಕಿಂತ ಮೇಲೇರಿ, ಹನ್ನೊಂದನೇ ಹನ್ನೆರಡನೇ ದಿನಕ್ಕೆ ಮತ್ತೆ ಕೊರತೆಯ ಹತ್ತಿರ ಬರುತ್ತದೆ. ಮನಸ್ಸೂ ಹಸಿವೂ ಅದರ ಜೊತೆ ಏರಿಳಿಯುತ್ತವೆ, ರಕ್ತ ದಪ್ಪವಾಗುವುದೂ ಈ ಶಿಖರಗಳಲ್ಲೇ ಹೆಚ್ಚು. ಅದೇ ಒಟ್ಟು ಪ್ರಮಾಣವನ್ನು ವಾರವಾರಕ್ಕೆ ಒಡೆದರೆ ಅಲೆ ತಗ್ಗುತ್ತದೆ. ಪರೀಕ್ಷೆ ಎರಡು ಇಂಜೆಕ್ಷನ್ನಿನ ನಡುವಿನ ದಿನ. ದೀರ್ಘಾವಧಿಯ ಅನ್‌ಡೆಕನೊಯೇಟ್ 1000 ಮಿಲಿಗ್ರಾಮನ್ನು 4 ಮಿಲಿಲೀಟರ್ ಹರಳೆಣ್ಣೆಯಲ್ಲಿ ಕರಗಿಸಿರುತ್ತಾರೆ; ಮೊದಲನೆಯದಾದ ಆರು ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಪೃಷ್ಠದ ಸ್ನಾಯುವಿಗೆ ಎರಡು ನಿಮಿಷ ತೆಗೆದುಕೊಂಡು ನಿಧಾನವಾಗಿ ಬಿಡಬೇಕು. ಅವಸರ ಮಾಡಿದರೆ ಎಣ್ಣೆಯ ಸಣ್ಣ ಹನಿಗಳು ಶ್ವಾಸಕೋಶ ಸೇರಿ ಒಮ್ಮೆಲೇ ಕೆಮ್ಮು ಒತ್ತರಿಸಿ ಬರುತ್ತದೆ. ಇದರ ಪರೀಕ್ಷೆ ಮುಂದಿನ ಇಂಜೆಕ್ಷನ್ನಿನ ಮುಂಚೆ.

ಮೊದಲ ದಿನವೇ ಸೊಂಟ ಅಳೆದಿಡಿ, ಅದು ಬೆಲ್ಟಿನ ಅಳತೆಯಲ್ಲ. ಅಂಗಿ ಎತ್ತಿ, ಪಕ್ಕೆಲುಬಿನ ಕೊನೆಯ ಅಂಚನ್ನು ಬೆರಳಿನಿಂದ ಒತ್ತಿ ಹುಡುಕಿ; ಹಾಗೆಯೇ ಸೊಂಟದ ಮೂಳೆಯ ಮೇಲ್ತುದಿ. ಇವೆರಡರ ನಡುಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕಿ, ಟೇಪು ನೆಲಕ್ಕೆ ಸಮಾಂತರವಾಗಿ ಸುತ್ತಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಿ; ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ಎರಡು ಸಲ ಅಳೆದು ಸರಾಸರಿ ಬರೆದಿಡಿ. ತಿಂಗಳಿಗೊಮ್ಮೆ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಕೊಬ್ಬು, ಸ್ನಾಯು ಬೇರೆ ಬೇರೆಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಈ ಟೇಪೇ ಸಾಕು.

ಮೊದಲ ಮೂರು ನಾಲ್ಕು ವಾರದಲ್ಲಿ ತೂಕ ಏರಿದರೆ ಗಾಬರಿ ಬೇಡ. ಟೆಸ್ಟೊಸ್ಟೆರಾನ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಉಂಗುರ ಬಿಗಿಯಾಗಬಹುದು. ಕಾಲು ಊದಿಕೊಂಡರೆ, ಏದುಸಿರು ಬಂದರೆ ಮಾತ್ರ ಅದು ಬೇರೆ ವಿಷಯ, ಕಾಯಬಾರದು. ಲೈಂಗಿಕ ಆಸಕ್ತಿ ಮೂರನೇ ವಾರದ ಸುಮಾರಿಗೆ ಮೊದಲು ಮರಳುತ್ತದೆ. ಸ್ನಾಯು ಮತ್ತು ಕೊಬ್ಬಿನ ಬದಲಾವಣೆ ಅಳತೆಗೆ ಸಿಗುವುದು 12ರಿಂದ 16 ವಾರದಲ್ಲಿ, ಒಂದು ಮಟ್ಟಕ್ಕೆ ನಿಲ್ಲುವುದು ಆರು ತಿಂಗಳಿಂದ ವರ್ಷದೊಳಗೆ. ಇನ್ಸುಲಿನ್ ಸಂವೇದನೆ ಬೇಗ ಅಲುಗಾಡಿದರೂ, ಮೂರು ತಿಂಗಳ ಸರಾಸರಿ ಸಕ್ಕರೆಯಲ್ಲಿ ಅದು ಕಾಣಲು 3ರಿಂದ 12 ತಿಂಗಳು ಬೇಕು, ಹಲವರಲ್ಲಿ ಕಾಣುವುದೂ ಇಲ್ಲ. 65 ದಾಟಿದವರ ಮೇಲೆ ನಡೆದ, 2016ರಿಂದ ಪ್ರಕಟವಾದ ಅಮೆರಿಕದ ಪ್ರಯೋಗಮಾಲೆಯಲ್ಲಿ ಉಪವಾಸದ ಇನ್ಸುಲಿನ್ ಸ್ವಲ್ಪ ಇಳಿಯಿತು, ಸಕ್ಕರೆ ಅಲ್ಲಾಡಲಿಲ್ಲ.

ವ್ಯಾಯಾಮ ಬಿಟ್ಟು ಹಾರ್ಮೋನು ಮಾತ್ರ ತೆಗೆದುಕೊಂಡರೆ ಎಷ್ಟು ಕಳೆದುಕೊಳ್ಳುತ್ತೀರಿ ಎನ್ನುವುದಕ್ಕೆ ಭಾಸಿನ್ ತಂಡದ 1996ರ ಪ್ರಯೋಗವಿದೆ. ವಾರಕ್ಕೆ 600 ಮಿಲಿಗ್ರಾಂ ಎನಾಂಥೇಟ್, 10 ವಾರ. ಇದು ಚಿಕಿತ್ಸೆಯ ಡೋಸಲ್ಲ, ಅದರ ಆರು ಪಟ್ಟು, ಅನುಕರಿಸುವಂಥದ್ದಲ್ಲ. ಭಾರ ಎತ್ತದವರಿಗೆ ಕೊಬ್ಬಿಲ್ಲದ ಭಾಗ 3.2 ಕಿಲೊ ಹೆಚ್ಚಿತು, ಎತ್ತಿದವರಿಗೆ 6.1. ಹಾರ್ಮೋನು ಇಲ್ಲದೆ ಬರೀ ಭಾರ ಎತ್ತಿದವರಿಗೆ ಸುಮಾರು 2 ಕಿಲೊ.

ಕೆಡುವುದು ಎಲ್ಲಿ

ಹಿಮ್ಯಾಟೊಕ್ರಿಟ್‌ನಲ್ಲಿ, ಬಹುತೇಕ ಯಾವಾಗಲೂ. ಟೆಸ್ಟೊಸ್ಟೆರಾನ್, ಕಬ್ಬಿಣವನ್ನು ತಡೆದಿಡುವ ಹೆಪ್ಸಿಡಿನ್ ಹಾರ್ಮೋನನ್ನು ತಗ್ಗಿಸಿ ಕಬ್ಬಿಣವನ್ನು ಬಿಡಿಸಿಕೊಡುತ್ತದೆ, ಕೆಂಪು ರಕ್ತಕಣ ಹೆಚ್ಚುತ್ತದೆ. ಆರಂಭದಲ್ಲಿ ಒಂದು ಸಲ, 3ರಿಂದ 6 ತಿಂಗಳಲ್ಲಿ ಒಂದು ಸಲ, ವರ್ಷಕ್ಕೆ ಒಂದು ಸಲ ನೋಡಿ. ಶೇ 54 ದಾಟಿದರೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ. ಎಚ್‌ಡಿಎಲ್ ಕೊಲೆಸ್ಟೆರಾಲ್ ಸ್ವಲ್ಪ ಇಳಿಯುವುದು ಸಾಮಾನ್ಯ. ಕ್ರಿಯಾಟಿನಿನ್ ಕೊಂಚ ಏರಿದರೆ ಅದು ಮೂತ್ರಪಿಂಡದ ತಪ್ಪೇ ಆಗಬೇಕಿಲ್ಲ, ಸ್ನಾಯು ಹೆಚ್ಚಿದ್ದರಿಂದಲೂ ಇರಬಹುದು. ಸ್ನಾಯುವಿನ ಮೇಲೆ ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸಿದರೆ ಸ್ಪಷ್ಟವಾಗುತ್ತದೆ. ಪ್ರಾಸ್ಟೇಟ್‌ನ ರಕ್ತಪರೀಕ್ಷೆಯಾದ ಪಿಎಸ್‌ಎ ಮೊದಲ ವರ್ಷದಲ್ಲಿ 1.4ಕ್ಕಿಂತ ಹೆಚ್ಚು ಏರಿದರೆ ಮೂತ್ರರೋಗ ತಜ್ಞರ ಬಳಿ.

ಮಧುಮೇಹ ತಡೆಯಲು ಇದನ್ನು ಕೊಡಬಹುದೇ ಎಂಬ ಪ್ರಶ್ನೆಗೆ ಎರಡು ದೊಡ್ಡ ಪ್ರಯೋಗಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಆಸ್ಟ್ರೇಲಿಯಾದ ಟಿ4ಡಿಎಮ್ 2021ರಲ್ಲಿ ಪ್ರಕಟವಾಯಿತು: 50ರಿಂದ 74 ವರ್ಷದ 1007 ಗಂಡಸರು, ಸೊಂಟ 95 ಸೆಂಟಿಮೀಟರ್ ಮೇಲೆ, ಎಲ್ಲರಿಗೂ ತೂಕ ಇಳಿಸುವ ಕಾರ್ಯಕ್ರಮ, ಅರ್ಧದಷ್ಟು ಮಂದಿಗೆ ಅನ್‌ಡೆಕನೊಯೇಟ್. ಎರಡು ವರ್ಷದ ಕೊನೆಗೆ ಮಧುಮೇಹದ ಮಟ್ಟದಲ್ಲಿದ್ದವರು ಔಷಧದ ಗುಂಪಿನಲ್ಲಿ ಶೇ 12, ಇನ್ನೊಂದರಲ್ಲಿ ಶೇ 21. ಆದರೆ ಔಷಧದ ಗುಂಪಿನ ಶೇ 22 ಜನರಲ್ಲಿ ಹಿಮ್ಯಾಟೊಕ್ರಿಟ್ 54ರ ಗಡಿ ಮುಟ್ಟಿತ್ತು. ಐದು ಸಾವಿರಕ್ಕೂ ಹೆಚ್ಚು ಜನರ ಟ್ರಾವರ್ಸ್ ಪ್ರಯೋಗ 2023ರಲ್ಲಿ ಬಂತು. ಅದರಲ್ಲಿ ಬಳಸಿದ್ದು ಜೆಲ್. ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿ ಆದದ್ದು ಔಷಧದವರಲ್ಲಿ ಶೇ 7.0, ಉಳಿದವರಲ್ಲಿ ಶೇ 7.3, ಅಂದರೆ ವ್ಯತ್ಯಾಸವಿಲ್ಲ. ಹೃದಯದ ಲಯ ತಪ್ಪುವುದು, ಶ್ವಾಸಕೋಶಕ್ಕೆ ಹೆಪ್ಪು ಹೋಗುವುದು ಮಾತ್ರ ಔಷಧದವರಲ್ಲಿ ಹೆಚ್ಚು. ಅದರ ಮಧುಮೇಹದ ಉಪ ಅಧ್ಯಯನದಲ್ಲಿ ಯಾವ ರಕ್ಷಣೆಯೂ ಕಾಣಲಿಲ್ಲ. ಜೆಲ್ಲಿನಲ್ಲಿ ಏರಿದ ಮಟ್ಟ ಕಡಿಮೆ, ಶೇ 60ಕ್ಕೂ ಹೆಚ್ಚು ಮಂದಿ ನಡುವೆಯೇ ಬಿಟ್ಟಿದ್ದರು, ತೂಕ ಇಳಿಸುವ ಕಾರ್ಯಕ್ರಮವೂ ಇರಲಿಲ್ಲ. ಕಾರಣ ಅಲ್ಲೇ ಇರಬಹುದೆಂದು ನಮಗೆ ಅನ್ನಿಸುತ್ತದೆ. ಏನೇ ಇರಲಿ, ಮಧುಮೇಹ ತಡೆಯುವುದಕ್ಕೆಂದೇ ಇದನ್ನು ಬರೆಸಿಕೊಳ್ಳಲು ಇವೆರಡೂ ಸೇರಿ ಕಾರಣ ಕೊಡುವುದಿಲ್ಲ.

ಬಿಡುವಾಗ

ವೃಷಣ ಅಥವಾ ಪಿಟ್ಯುಟರಿ ಕೆಟ್ಟವರಿಗೆ ಬಿಡುವ ಪ್ರಶ್ನೆಯೇ ಇಲ್ಲ, ಅದು ಜೀವನಪರ್ಯಂತದ್ದು. ಉಳಿದವರು ಬಿಟ್ಟಾಗ ಗಳಿಸಿದ ಸ್ನಾಯು ಇಳಿಯತೊಡಗುತ್ತದೆ, ಕೊಬ್ಬು ಮರಳುತ್ತದೆ. ಸ್ವಂತ ತಯಾರಿಕೆ ಎದ್ದು ಕೂರಲು ಹೊತ್ತು ಬೇಕು. ಎರಡು ವರ್ಷ ಅನ್‌ಡೆಕನೊಯೇಟ್ ತೆಗೆದುಕೊಂಡು ನಿಲ್ಲಿಸಿದ ಟಿ4ಡಿಎಮ್‌ನವರಲ್ಲಿ ಪಿಟ್ಯುಟರಿ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬರಲು ಒಂದು ವರ್ಷದ ಹತ್ತಿರ ಹಿಡಿಯಿತು. ಈ ನಡುವಿನ ತಿಂಗಳುಗಳಲ್ಲಿ ಸುಸ್ತು, ಆಸಕ್ತಿ ಕುಗ್ಗುವುದು, ಹೊಟ್ಟೆ ಮತ್ತೆ ಸಡಿಲವಾಗುವುದು ಎಲ್ಲ ಇರುತ್ತದೆ. ಆಗ ಮಾಡಿಸಿದ ರಿಪೋರ್ಟ್ ನೋಡಿ 'ನನಗೆ ಮೊದಲಿಂದಲೂ ಕೊರತೆಯೇ ಇತ್ತು' ಎಂದು ಮತ್ತೆ ಶುರು ಮಾಡಿಬಿಡುವವರಿದ್ದಾರೆ. ಮೂರನೇ ತಿಂಗಳಲ್ಲಿ ಎಲ್‌ಎಚ್ ನೋಡಿ, ಅದು ಏರುತ್ತಿದ್ದರೆ ಕಾಯಿರಿ. ಭಾರ ಎತ್ತುವುದನ್ನು ನಿಲ್ಲಿಸಬೇಡಿ, ಊಟದಲ್ಲಿ ಪ್ರೋಟೀನು ಇಳಿಸಬೇಡಿ. ಟೆಸ್ಟೊಸ್ಟೆರಾನ್ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸುವುದು ಹನ್ನೆರಡನೇ ತಿಂಗಳಲ್ಲಿ, ಅದೇ ಲ್ಯಾಬಿನಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎಸ್‌ಎಚ್‌ಬಿಜಿ ಜೊತೆಗೆ, ಅವತ್ತಿನ ಸೊಂಟದ ಅಳತೆಯನ್ನು ರಿಪೋರ್ಟಿನ ಮೂಲೆಯಲ್ಲೇ ಬರೆದು.